ಕಂಬ ಅಡ್ಡ ಬಂದೈತಿ

"ಎಲ್ಲಾ ಛಲೋ ಐತಿ, ಆದ್ರ ಕಂಬ ಅಡ್ಡ ಬಂದೈತಿ"
ಅಂದ್ರು ಬೆಳಗಾವಿಯಿಂದ ಬಂದ ಜಡ್ಜ್ ಸಾಹೇಬ್ರು.
ಕೆಂಪು ಲೇಸರಿನ ಚುಕ್ಕಿ ನನ್ನ ಚಿತ್ರದ ಮ್ಯಾಲ
ನೊಣದಂಗ ಹರದಾಡಿ
ಕಂಬದ ತುದಿಗೆ ಹೋಗಿ ಕುಂತಿತು.
ಇಪ್ಪತ್ತಕ್ಕ ಹನ್ನೊಂದು.

ನವನಗರದಾಗ, ಡಾಕ್ಟರ್ ಮೆಳ್ಳಿಗೇರಿ ಅವರ
ಹಲ್ಲಿನ ದವಾಖಾನಿ ಮ್ಯಾಲಿನ ಖೋಲಿ ನಮ್ಮ ಕ್ಲಬ್ಬು.
ತಿಂಗಳ ಎರಡನೇ ರವಿವಾರ, ಸಂಜಿ ಐದಕ್ಕ,
ನೂರು ರೂಪಾಯಿ ಫೀ, ಒಬ್ಬರಿಗೆ ಒಂದ ಚಿತ್ರ,
ಹೆಸರು ಹಿಂದ ಬರೀಬೇಕು, ಮುಂದ ಬರೀಬಾರ್ದು.
ಕೆಳಗ ಯಾರದೋ ದವಡಿಗೆ ಡ್ರಿಲ್ ಹೊಡೀತಿರತಾರ,
ಮ್ಯಾಲ ನಮಗ.

ಆ ಸಲದ ವಿಷಯ ನೀರು.
ಸೀರಿ ಅಂಗಡಿ ಕಠಾರೆ ಫ್ಲೆಮಿಂಗೊ ತಂದಿದ್ರು,
ಹೆರಕಲ್ಲಿನ ಹಿನ್ನೀರಿನ ಕೆಸರಾಗ ಮೂರು ದಿನ ಬೋರಲ ಮಲಗಿ,
ಅರ್ಧ ಎಕರೆ ಹೊಲದ ರೊಕ್ಕದ ಲೆನ್ಸಿಲೆ.
ರಿಜ್ವಾನಾ ಟೀಚರ್ ಒಂದ ಹನಿ ತಂದಿದ್ರು,
ನಳದ ಬಾಯಾಗ ಬೀಳ್ಲೋ ಬ್ಯಾಡೋ ಅಂತ ನಿಂತದ್ದು.
ಅದಕ್ಕ ಹದಿನೆಂಟು. ಬರೋಬ್ಬರಿ ಐತಿ, ನಾನೂ ಚಪ್ಪಾಳಿ ಹೊಡದೆ.

ನಂದು ಹಳೇ ಊರಿನ ಅಂಚು, ಘಟಪ್ರಭಾ ತುಂಬಿ ನಿಂತ ಹೊತ್ತು.
ಬೂದಿಬಣ್ಣದ ನೀರು, ಬೂದಿಬಣ್ಣದ ಮುಗಿಲು,
ನಡಕ ಎದಿಮಟ ಮುಳಗಿದ ಒಂದು ಕಂಬ.
ತಂತಿ ಇಲ್ಲ, ದೀಪ ಇಲ್ಲ.
ತುದಿಗೆ ಒಂದು ನೀರಕಾಗಿ, ರೆಕ್ಕಿ ಬಿಚ್ಚಿ ಒಣಗಿಸಿಕೋತ.

ಸಾಹೇಬ್ರಿಗೆ ಏನ ಹೇಳ್ಲಿ?
ಮೂವತ್ತೊಂದು ವರ್ಷ ಲೈನ್‌ಮನ್ ಇದ್ದೆ.
ಆ ಕಂಬದ ನಂಬರು ಮಗಳು ಹುಟ್ಟಿದ ತಾರೀಖಿಗಿಂತ ಮೊದಲ ನೆನಪಾಗತೈತಿ.
ಎಂಟು ಮಂದಿ ಕೂಡಿ ನಿಲ್ಲಿಸಿದ್ವಿ, ಗರಸು ನೆಲ,
ಮೂರು ಹಾರಿ ಮೊಂಡಾದ್ವು.
ಹದಿನಾಲ್ಕು ಮನಿಗೆ ಬೆಳಕು ಅಲ್ಲಿಂದ.
ಕಡೀಗೆ ಕಳಚಾಕ ಹತ್ತಿದಾಂವನೂ ನಾನ,
ಆದೇಶದ ಪ್ರತಿ ಕಿಸೆದಾಗ ಮಡಚಿಟ್ಟು.
ಕೆಳಗ ಟ್ರ್ಯಾಕ್ಟರಿಗೆ ಬಾಗಲಾ, ತೊಲಿ, ಒಳ್ಳು ಹೇರತಿದ್ರು.
ಒಬ್ಬಾಕಿ ಒದರಿದ್ಲು,
"ಯಮನಪ್ಪಣ್ಣಾ, ಇವತ್ತೊಂದ ರಾತ್ರಿ ಬಿಡೋ."
ಬಿಟ್ಟೆ.
ಪುಸ್ತಕದಾಗ ಮಾತ್ರ 'ಕಡಿತಗೊಳಿಸಲಾಗಿದೆ' ಅಂತ ಬರದೆ,
ಸಹಿ ಮಾಡಿದೆ.

ಇಷ್ಟೆಲ್ಲಾ ಚಿತ್ರದ ಹಿಂದ ಬರಿಯಾಕ ಬರೂದಿಲ್ಲ.
ಹೆಸರು ಅಷ್ಟ, ಅದೂ ಪೆನ್ಸಿಲಿಲೆ.

ಕ್ಲಬ್ಬಿನ ಹುಡುಗ ಪ್ರಮೋದ ಛಲೋ ಮನಸಿನಾಂವ.
"ಕಾಕಾ, ಎರಡ ನಿಮಿಷದ ಕೆಲಸ" ಅಂದು ಲ್ಯಾಪ್‌ಟಾಪ್ ತಗದ.
ಬೆರಳಿಲೆ ಒರಸಿದ, ಕಂಬ ಹೋತು.
ನೀರು ಕೂಡ್ಕೊಂಡ್ತು, ಒಂದ ಗೆರಿ ಉಳೀಲಿಲ್ಲ.
ನೀರಕಾಗಿ ಮಾತ್ರ ಇದ್ದಲ್ಲೇ ಇತ್ತು,
ಬರೇ ಗಾಳಿ ಮ್ಯಾಲ ಕಾಲೂರಿ, ರೆಕ್ಕಿ ಬಿಚ್ಚಿ,
ಯಾರೂ ತನಗ ಸುದ್ದಿ ಹೇಳಿಲ್ಲ ಅನ್ನೂವಂಗ.
"ಇದನ್ನೂ ತಗೀಲೇನ್ರಿ?"
ತಡಿ ಅಂದೆ. ಭಾಳೊತ್ತು ನೋಡಿದೆ.
ನಗು ಬಂತು. ಯಾಕಂತ ಹುಡುಗ ಕೇಳ್ಲಿಲ್ಲ.
ಹಂಗ ಇರಲಿ, ಬಂದ್ ಮಾಡು, ಚಾ ಕುಡ್ಯೂಣು ಅಂದೆ.

ಮುಂದಿನ ತಿಂಗಳ ವಿಷಯ ಬೆಳಕು.
ಲಾಲಸಾಬನ ಹರಗೋಲಿನ್ಯಾಗ ಕುಂತು, ಹೊತ್ತು ಮುಳಗೂ ಮುಂದ,
ಅದ ಕಂಬ, ಆ ಕಡಿಂದ ತಗದೆ.
ಮೊಣಕಾಲು ನೀರಾಗ, ಕ್ಯಾಮೆರಾ ನೆತ್ತಿ ಮ್ಯಾಲ,
"ಏನ ಐತ್ರಿ ಅದರಾಗ?" ಅಂತ ಅಂವ ಎರಡ ಸಲ ಕೇಳಿದ.

ನನ್ನ ಚಿತ್ರ ಪರದೆ ಮ್ಯಾಲ ಮೂಡೂದಕ್ಕೂ
ಕರೆಂಟ್ ಹೋಗೂದಕ್ಕೂ ಸರಿ ಆತು.
ಕತ್ತಲಾಗ ಹದಿನೇಳು ಮಂದಿ ಕುರ್ಚಿ ಕಿರ್ ಅನಿಸಿ
ಒಮ್ಮೆಲೆ ನನ್ನ ಕಡೆ ತಿರುಗಿದ್ರು.
ಕೆಳಗ ಡಾಕ್ಟರು ಬಾಯಿ ತಗದಾಂವಗ "ಹಂಗ ಇರ್ರಿ" ಅಂತಿದ್ರು.
ಇಳದು ಹೋದೆ. ಫ್ಯೂಜ್ ಸುಟ್ಟಿತ್ತು, ತಂತಿ ಹಾಕಿದೆ.
ಮೊಣಕಾಲು ಹಿಡಕೊಂಡು, ಮೆಟ್ಟಲಾ ಹತ್ತಿ ಬರೂದ್ರಾಗ
ಪರದೆ ಮ್ಯಾಲ ಯಾರದೋ ದೀಪಾವಳಿ ಪಣತಿ.

ನಂದು ಆತೇನ್ರಿ ಟೀಚರ್, ಅಂದೆ.
ಆತ್ರಿ, ಹನ್ನೆರಡು.
ಏನಂದ್ರು?
ಕಂಬ, ಅಂದ್ರು.